ಉಂಗುರದ ಬೆರಳಿನ ಸ್ವರ

ನನ್ನ ಗಂಡ ಬದುಕಿದ್ದಷ್ಟು ಕಾಲವೂ ಹೆಂಗಸರ ಮೇಲೆ ಹಾಡು ಕಟ್ಟಿದರು. ಫಿಲ್ಲಿ ಅನ್ನುವವಳ ಮೇಲೆ ಹನ್ನೊಂದು, ಕ್ಲೋರಿ ಅನ್ನುವವಳ ಮೇಲೆ ಏಳು, ಲಿಕೋರಿ ಅನ್ನುವ ಮತ್ತೊಬ್ಬಳ ಮೇಲೆ ಎಷ್ಟೋ. ಮೆನೇಗಾ ಮೇಲೆ ಒಂದೂ ಇಲ್ಲ. ಮೆನೇಗಾ ಅಂದರೆ ನಾನು, ಅವರ ಅಂಗಿಗೆ ಬಿದ್ದ ಶಾಯಿ ಕಲೆ ತಿಕ್ಕಿ ತಿಕ್ಕಿ ಬೆರಳು ಸವೆಸಿಕೊಂಡವಳು.

ಊರಿಗೆಲ್ಲ ಅವರು ಮೇಷ್ಟ್ರು. ತದ್ದೇಯೊ ಗೆರ್ಲಾನಿ, ನಮ್ಮ ಕಾಸ್ತೆಲ್ವಾಲೆಯ ದೊಡ್ಡ ಇಗರ್ಜಿಯ ಸಂಗೀತದ ಮೇಷ್ಟ್ರು. ಪೊ ನದಿ ಸಮುದ್ರ ಸೇರುವ ಮುಂಚೆ ಹತ್ತು ಕಡೆ ಒಡೆದು ಕೆಸರಾಗುತ್ತದಲ್ಲ, ಆ ಕೆಸರಿನಲ್ಲಿ ನಮ್ಮೂರು. ಹಾವುಮೀನು, ಕಪ್ಪೆ, ಸೊಳ್ಳೆ, ಚಳಿಜ್ವರ, ಈ ನಾಲ್ಕಕ್ಕೆ ನಮ್ಮಲ್ಲಿ ಬರವಿಲ್ಲ. ಐದನೆಯದಾಗಿ ಸಂಗೀತ ತಂದವರು ಮೇಷ್ಟ್ರು. ಅವರು ಬರುವ ಮೊದಲು ನಮ್ಮ ಇಗರ್ಜಿಯಲ್ಲಿ ಹಾಡು ಶುರುವಾದರೆ ದೇವರೇ ಕಿವಿ ಮುಚ್ಚಿಕೊಳ್ಳುತ್ತಿದ್ದ ಅಂತ ನಮ್ಮಪ್ಪ ಹೇಳುತ್ತಿದ್ದ.

ನಮ್ಮಪ್ಪನದು ಇಗರ್ಜಿಯ ಮೆಟ್ಟಿಲ ಪಕ್ಕದಲ್ಲೇ ಹಾವುಮೀನಿನ ವ್ಯಾಪಾರ. ಬುಟ್ಟಿಯಲ್ಲಿ ಒದ್ದೆ ಹುಲ್ಲಿನ ಮೇಲೆ ಮೀನು ಮಿಸುಕಾಡುತ್ತಿರಬೇಕು. ಸತ್ತ ಹಾವುಮೀನನ್ನು ನಮ್ಮೂರಲ್ಲಿ ಬೆಕ್ಕೂ ಮೂಸುವುದಿಲ್ಲ. ಅದಕ್ಕೇ ನಮ್ಮ ಮನೆತನದ ಕೂಗು, "ಜೀವಾ, ಜೀವಾ, ಮೀನೂ!" ಅಪ್ಪನ ಗಂಟಲು ಕೆಟ್ಟ ಮೇಲೆ ಆ ಕೂಗು ನನ್ನ ಪಾಲಿಗೆ ಬಂತು. ನಾನು ಕೂಗಿದರೆ ಕಾಲುವೆಯ ಆಚೆ ದಡದಲ್ಲಿ ಬಟ್ಟೆ ಒಗೆಯುವವರು ತಲೆ ಎತ್ತುತ್ತಿದ್ದರು. ನನ್ನ ಪಕ್ಕದಲ್ಲಿ ಕಪ್ಪೆ ಮಾರುವ ಬೆತ್ತಾ ಕೂರುತ್ತಿದ್ದಳು. ನನ್ನ ಕೂಗು ಮುಗಿದು ಗಿರಾಕಿ ನನ್ನ ಕಡೆ ತಿರುಗುವಷ್ಟರಲ್ಲಿ ಅವಳು "ಕಪ್ಪೇ, ಕಪ್ಪೇ!" ಅಂತ ಬಾಯಿ ಹಾಕುತ್ತಿದ್ದಳು. ವರ್ಷಗಟ್ಟಲೆ ಹೀಗೇ ನಡೆಯಿತು. ನಿದ್ದೆಯಲ್ಲಿ ನನ್ನ ಕೂಗು ಕೇಳಿದರೂ ಅವಳ ಬಾಯಿಂದ ಕಪ್ಪೆ ಬರುತ್ತಿತ್ತು.

ಊರಿಗೆ ಹೊಸದಾಗಿ ಬಂದ ಮೇಷ್ಟ್ರು ಒಂದು ಬೆಳಿಗ್ಗೆ ನನ್ನ ಬುಟ್ಟಿಯ ಮುಂದೆ ನಿಂತು, ಮೀನು ನೋಡುವುದು ಬಿಟ್ಟು ನನ್ನ ಬಾಯಿ ನೋಡಿದರು.

"ಇನ್ನೊಂದ್ಸಲ ಕೂಗಮ್ಮ."

"ಯಾಕೆ, ಕಿವುಡಾ?"

"ಕೊನೇಲಿ ಎಲ್ಲಿಗೆ ಇಳೀತೀಯ ಅಂತ ನೋಡ್ಬೇಕಿತ್ತು."

"ಮೀನು ತಗೊಳ್ಳೋದಾದ್ರೆ ನಾನು ಇಳೀತೀನಿ. ಇಲ್ಲಾಂದ್ರೆ ನೀವು ಮೆಟ್ಲು ಇಳೀರಿ."

ತೆಗೆದುಕೊಂಡರು. ಮಾರನೆಯ ದಿನವೂ ಬಂದು ತೆಗೆದುಕೊಂಡರು. ಹನ್ನೊಂದು ದಿನ ಬಿಡದೆ ಹಾವುಮೀನು ಒಯ್ದರು. ಅವರಿಗೆ ಹಾವುಮೀನು ಮೈಗೇ ಆಗುವುದಿಲ್ಲ, ಎಲ್ಲವನ್ನೂ ಪಕ್ಕದ ಮನೆಗೆ ಕೊಡುತ್ತಿದ್ದರು ಅಂತ ನನಗೆ ಗೊತ್ತಾದದ್ದು ಆಮೇಲೆ.

ಹನ್ನೆರಡನೆಯ ದಿನ ನನ್ನ ಎಡಗೈ ಕೇಳಿದರು. ಸಂಗೀತ ಕಲಿಯುವವರಿಗೆ ಪುಸ್ತಕಕ್ಕಿಂತ ಮೊದಲು ಎಡಗೈ ಬೇಕು. ಒಂದೊಂದು ಗೆಣ್ಣಿನಲ್ಲಿ ಒಂದೊಂದು ಸ್ವರ ಕೂತಿರುತ್ತದೆ: ಉತ್, ರೆ, ಮಿ, ಫಾ, ಸೋಲ್, ಲಾ. ಹೆಬ್ಬೆರಳಿನಿಂದ ಮುಟ್ಟಿಕೊಂಡು ಹಾಡುವುದು. ಮೀನಿನ ಲೋಳೆ ಅಂಟಿದ ನನ್ನ ಕೈಯನ್ನು ಅವರು ಅಂಗೈಯಲ್ಲಿಟ್ಟುಕೊಂಡು ಕಿರುಬೆರಳಿನ ಗೆಣ್ಣುಗಳನ್ನು ಮುಟ್ಟಿ ತೋರಿಸಿದರು.

"ನೋಡು, ನಿನ್ನ ಕೂಗು ಇಲ್ಲಿ ಹತ್ತುತ್ತೆ. ಸೋಲ್ ಲಾ, ಸೋಲ್ ಲಾ, ಸೋಲ್... ಆಮೇಲೆ ಇಲ್ಲಿಗೆ ಇಳಿಯುತ್ತೆ." ಉಂಗುರದ ಬೆರಳಿನ ಬುಡ ಒತ್ತಿದರು. "ಇದು ಮಿ."

"ಮಧ್ಯೆ ಕಿರುಬೆರಳಿನ ಬುಡ ಬಿಟ್ರಲ್ಲ?"

"ಅದು ಫಾ. ನೀನು ಅದನ್ನ ದಾಟಿ ಹೋಗ್ತೀಯ. ಮಿಗೂ ಫಾಗೂ ಅರ್ಧ ಹೆಜ್ಜೆ ದೂರ ಅಷ್ಟೇ. ಆದ್ರೆ ಎರಡಕ್ಕೂ ಒಂಚೂರೂ ಆಗಿಬರಲ್ಲ. ಒಟ್ಟಿಗೆ ಹಾಡಿದ್ರೆ ಸಂಗೀತದೊಳಗೆ ಸೈತಾನ ಬರ್ತಾನೆ ಅಂತಾರೆ."

"ನಾನೂ ಬೆತ್ತಾನೂ ಇದ್ದ ಹಾಗೆ."

"ಕಪ್ಪೇ, ಕಪ್ಪೇ! ಕೈ ಬಿಡ್ರೀ ಮೇಷ್ಟ್ರೇ, ಅವಳಪ್ಪ ಬಂದ!" ಅಂತ ಬೆತ್ತಾ ಕಿರುಚಿದಳು. ಕೈ ಬಿಡಲಿಲ್ಲ. ಮದುವೆಯ ದಿನ ಇಗರ್ಜಿಯ ಗುರುಗಳು ಮಂತ್ರ ಹೇಳುತ್ತಿದ್ದರೆ ಇವರು ಉಂಗುರ ತೊಡಿಸುತ್ತಾ ನನ್ನ ಕಿವಿಯ ಹತ್ತಿರ ಬಗ್ಗಿ "ಮಿ" ಅಂದರು. ನನಗೆ ನಗು ತಡೆಯಲಾಗದೆ ಅಮ್ಮನ ಕೈಯಲ್ಲಿ ಚಿವುಟಿಸಿಕೊಂಡೆ.

ಆಮೇಲೆ ಶುರುವಾಯಿತು ಈ ಫಿಲ್ಲಿ ಕಾಟ. ಅವರ ಪ್ರೇಮಗೀತೆಗಳ ಮೊದಲ ಪುಸ್ತಕ ವೆನಿಸ್‌ನಲ್ಲಿ ಅಚ್ಚಾಗಿ ದೋಣಿಯಲ್ಲಿ ಬಂತು. ಪುಸ್ತಕ ಅಂದರೆ ಐದು ತೆಳುವಾದ ಪುಸ್ತಕ, ಹಾಡುವ ಐದು ಗಂಟಲಿಗೆ ಒಂದೊಂದು. ನನಗೆ ಓದು ಬರದು. ಯಾರ ಯಾರ ಮೇಲೆ ಹಾಡು ಇದೆ ಅಂತ ಓದಿಸಿ ಕೇಳಿದೆ. ಕೇಳಿ ಪಾತ್ರೆ ಕುಕ್ಕಿದೆ.

"ಯಾರ್ರೀ ಈ ಫಿಲ್ಲಿ?"

"ಯಾರೂ ಅಲ್ಲ ಕಣೇ. ಕುರಿ ಕಾಯೋಳು. ಪದ್ಯದಲ್ಲಿ ಬರ್ತಾಳೆ."

"ಕುರಿ ಕಾಯೋಳಿಗೆ ಹನ್ನೊಂದು ಹಾಡು. ಮೀನು ಮಾರೋಳಿಗೆ?"

"ಮೀನಿನ ಮೇಲೆ ಯಾರು ಮೆನೇಗಾ ಪದ್ಯ ಬರೀತಾರೆ?"

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಾನು ಉಂಡೆ, ಮಲಗಿದೆ, ಎದ್ದು ಮತ್ತೆ ಅಲ್ಲಿಂದಲೇ ಮುಂದುವರಿಸಿದೆ. ಎರಡನೆಯ ಪುಸ್ತಕ ಬಂದಾಗ ಕ್ಲೋರಿ ಬಂದಳು. ಆಗಲೂ ಅಷ್ಟೆ. ನನಗೆ ಆಸೆಯಿತ್ತು, ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಊರಿಗೇ ಹಾಡು ಕಟ್ಟುವವನ ಹೆಂಡತಿಗೆ ಒಂದು ಹಾಡು ಬೇಕು ಅನ್ನಿಸುವುದು ತಪ್ಪೇ? ಕುಂಬಾರನ ಮನೆಯಲ್ಲಿ ಒಡಕು ಮಡಕೆ ಅಂತ ಸುಮ್ಮನಾಗುವ ಜಾತಿಯವಳಲ್ಲ ನಾನು. ಆದರೆ ಅವರು ಪ್ರತಿ ಸಲವೂ ಕಿವಿ ಕೆಂಪು ಮಾಡಿಕೊಂಡು ಲೇಖನಿ ಚೂಪು ಮಾಡಲು ಕೂರುತ್ತಿದ್ದರು.

ಅವರು ಮಾಡಿದ್ದರಲ್ಲಿ ಊರಿಗೆ ತುಂಬ ಹಿಡಿಸಿದ್ದು ಈಸ್ಟರ್ ದಿನದ ಬಲಿಪೂಜೆಯ ಸಂಗೀತ. ಇಂಥ ಸಂಗೀತದ ಒಳಗೆ ಒಂದು ಹಳೆಯ ರಾಗವನ್ನು ಇಟ್ಟು ಅದರ ಮೇಲೆ ಉಳಿದದ್ದನ್ನು ಕಟ್ಟುವುದು ಪದ್ಧತಿ. ನಡುದನಿಯವನು ಆ ರಾಗವನ್ನು ಎಳೆದು ಎಳೆದು ಹಾಡುತ್ತಾನೆ, ಒಂದೊಂದು ಸ್ವರವನ್ನೂ ಒಂದು 'ನಮೋ ಮರಿಯೆ' ಜಪ ಹೇಳಿ ಮುಗಿಸುವಷ್ಟು ಹೊತ್ತು. ಉಳಿದ ನಾಲ್ವರು ಅವನ ಸುತ್ತ ಓಡಾಡುತ್ತಾರೆ. ಪುಸ್ತಕದ ಮೇಲೆ ಆ ರಾಗದ ಹೆಸರು ಬರೆಯುವುದು ವಾಡಿಕೆ. ಇವರು 'ಹೆಸರಿಲ್ಲದ ಪೂಜೆ' ಅಂತ ಬರೆದರು. ಯಾಕೆ ಅಂದರೆ, "ಹೊಳೀಲಿಲ್ಲ" ಅಂದರು. ಹನ್ನೊಂದು ಫಿಲ್ಲಿ ಹೊಳೆದ ತಲೆಗೆ ಒಂದು ಹೆಸರು ಹೊಳೆಯಲಿಲ್ಲವಂತೆ! ಹನ್ನೆರಡು ಈಸ್ಟರ್ ನಾನು ಅದನ್ನು ಕೇಳುತ್ತಾ ಕೂತೆ, ಮನೆಯಲ್ಲಿ ಒಲೆಯ ಮೇಲಿನ ಕುರಿಮಾಂಸ ಸೀದುಹೋಯಿತೋ ಏನೋ ಅಂತ ಯೋಚಿಸುತ್ತಾ.

ಅದೇ ಕಾಲಕ್ಕೆ ದೊಡ್ಡ ದೊಡ್ಡ ಗುರುಗಳು ಸಭೆ ಸೇರಿ ಕಟ್ಟಪ್ಪಣೆ ಮಾಡಿದ್ದರು. ಬೀದಿ ಹಾಡು, ಹೆಂಡದಂಗಡಿಯ ಹಾಡು ಇಗರ್ಜಿಯ ಸಂಗೀತದೊಳಗೆ ನುಸುಳಬಾರದು. ನಮ್ಮ ಆರ್ಗನ್ ನುಡಿಸುವ ಸಿಲ್ವೇರಿಯೊಗೆ ಮೇಷ್ಟ್ರ ಕುರ್ಚಿಯ ಮೇಲೆ ಮೊದಲಿಂದಲೂ ಕಣ್ಣು. ಅವನು ಮೇಲಿನ ಗುರುಗಳಿಗೆ ಗುಟ್ಟಾಗಿ ಒಂದು ಕಾಗದ ಬರೆದು ಹಾಕಿದ. 'ಹೆಸರಿಲ್ಲದ ಪೂಜೆಯ ಒಳಗಿರುವುದು ಬೀದಿಯ ರಾಗ, ಅದಕ್ಕೇ ಹೆಸರಿಟ್ಟಿಲ್ಲ' ಅಂತ. ಯಾವ ಬೀದಿ, ಯಾವ ರಾಗ ಅಂತ ಅವನಿಗೂ ಗೊತ್ತಿರಲಿಲ್ಲ, ಬರೀ ಅನುಮಾನ. ನಮಗೆ ಮದುವೆಯಾಗಿ ಇಪ್ಪತ್ತಾರನೆಯ ವರ್ಷ, ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ನಾಲ್ಕನೆಯ ವಾರ, ತನಿಖೆಗೆ ಅವರು ಕಳಿಸಿದ ದೊಡ್ಡ ಗುರು ಮೊನ್ಸಿನ್ಯೋರ್ ಬಾರ್ಲೆತ್ತಿ ಬಂದಿಳಿದರು. ತೆಳ್ಳಗಿನ ಮನುಷ್ಯ, ನಮ್ಮ ಕೆಸರುಗಾಳಿಗೆ ಬಂದ ದಿನವೇ ಕೆಮ್ಮು ಹಿಡಿದಿತ್ತು.

ಶುಕ್ರವಾರ ಮಧ್ಯಾಹ್ನ ಇಗರ್ಜಿಯಲ್ಲೇ ವಿಚಾರಣೆ. ಬುಟ್ಟಿಯನ್ನು ಬೆತ್ತಾಗೆ ನೋಡಿಕೊಳ್ಳಲು ಹೇಳಿ, ಮೀನು ವಾಸನೆಯ ಲಂಗದಲ್ಲೇ ಒಳಗೆ ಹೋಗಿ ಕೊನೆಯ ಕಂಬದ ಹತ್ತಿರ ನಿಂತೆ. ಮೊನ್ಸಿನ್ಯೋರ್ ಕಾಲ ಕೆಳಗೆ ಕೆಂಡದ ತಟ್ಟೆ ಇಟ್ಟುಕೊಂಡು ಕೂತಿದ್ದರು. ಮೊದಲೇ ಶಿಕ್ಷೆ ಓದಿ ಹೇಳಿದರು. ರಾಗ ಬೀದಿಯದು ಅಂತ ಸಾಬೀತಾದರೆ ಐದು ಪುಸ್ತಕಕ್ಕೂ ಚೌಕದಲ್ಲಿ ಬೆಂಕಿ. ಮೇಷ್ಟ್ರಿಗೆ ಕೆಲಸವಿಲ್ಲ. ಇಗರ್ಜಿ ಕೊಟ್ಟಿರುವ ಮನೆ ಈಸ್ಟರ್ ಒಳಗೆ ಖಾಲಿ. ಅರವತ್ತಕ್ಕೆ ಹತ್ತಿರವಾದ ಮನುಷ್ಯ, ಮಳೆಗಾಲ ಬಂತೆಂದರೆ ಚಳಿಜ್ವರ. ಎಲ್ಲಿಗೆ ಕರೆದುಕೊಂಡು ಹೋಗಲಿ?

"ಮೇಷ್ಟ್ರೇ, ಈ ರಾಗದ ಹೆಸರೇನು?" ಮೊನ್ಸಿನ್ಯೋರ್ ಕೇಳಿದರು.

"ಹೆಸರಿಟ್ಟಿಲ್ಲ ಸ್ವಾಮಿ," ಅಂದರು ನಮ್ಮವರು. ಕಿವಿ ಕೆಂಪಾಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾಣ ನನ್ನ ಗಂಡ.

"ನಡುದನಿ ಯಾರು?"

ಗಾಸ್ಪರೊ ಮುಂದೆ ಬಂದ. ಆಗ ಇಪ್ಪತ್ತೈದರ ಹುಡುಗ, ಬೆಳಿಗ್ಗೆ ರೊಟ್ಟಿ ಸುಡುವುದು, ಸಂಜೆ ಹಾಡುವುದು. ಕಿವಿಯ ಸಂದಿಯಲ್ಲಿ ಇನ್ನೂ ಹಿಟ್ಟು.

"ನಿನ್ನ ಪುಸ್ತಕದಲ್ಲಿರೋ ಮೊದಲ ಆರು ಸ್ವರ ಹಾಡು. ಎಳೀಬೇಡ. ಜನ ನಡೆಯೋ ವೇಗದಲ್ಲಿ ಹಾಡು."

ಪಾಪ, ಹಾಡಿದ. "ಸೋಲ್ ಲಾ, ಸೋಲ್ ಲಾ, ಸೋಲ್ ಮಿ."

ಇಗರ್ಜಿಯ ಗೋಡೆಗೆ ಬಡಿದು ಅದು ಬಾಗಿಲಾಚೆ ಹೋಯಿತು. ಮರುಗಳಿಗೆಯೇ ಹೊರಗಿನ ಮೆಟ್ಟಿಲಿಂದ ಬೆತ್ತಾಳ ಗಂಟಲು, "ಕಪ್ಪೇ, ಕಪ್ಪೇ!"

ಅಯ್ಯೋ ದೇವರೇ, ಅದು ನಾನು! ಹನ್ನೆರಡು ವರ್ಷದಿಂದ ಈಸ್ಟರ್ ಪೂಜೆಯ ನಡುವೆ ಕೂತಿರುವುದು ನಾನು, ನನ್ನ ಬುಟ್ಟಿ, ನಮ್ಮಪ್ಪನ ಕೂಗು. ಫಿಲ್ಲಿ ಅಲ್ಲ, ಕ್ಲೋರಿ ಅಲ್ಲ. ಕಂಬ ಹಿಡಿದುಕೊಂಡು ಕಣ್ಣು ಒರೆಸಿಕೊಂಡೆ. ಅಷ್ಟು ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಅದು ಇದ್ದದ್ದು ಒಂದು ಗಳಿಗೆ ಮಾತ್ರ.

"ಕೇಳಿಸಿತಾ ಸ್ವಾಮಿ!" ಸಿಲ್ವೇರಿಯೊ ಕುಣಿದಾಡಿಬಿಟ್ಟ. "ಕಪ್ಪೆಯವಳು ಉತ್ತರ ಕೊಟ್ಟಳು! ಇದು ಹಾವುಮೀನಿನವಳ ಕೂಗು. ದಿನಾ ಮೆಟ್ಟಿಲ ಮೇಲೆ ಕೇಳ್ತೀವಿ. ಥೂ, ನನಗೆ ಹೊಳೀಲೇ ಇಲ್ಲವಲ್ಲ!"

"ಯಾರು ಆ ಹಾವುಮೀನಿನವಳು?"

"ನನ್ನ ಹೆಂಡತಿ," ಅಂದರು ತದ್ದೇಯೊ. ಎಷ್ಟು ಮೆಲ್ಲಗೆ ಅಂದರೂ ನನಗೆ ಕೇಳಿಸಿತು.

ಮುಂದೆ ಬಾ ಅಂದರು, ಹೋದೆ. ಮೇಷ್ಟ್ರು ನನ್ನ ಮುಖ ನೋಡಿದರು. ಕದ್ದು ತಿಂದವರ ಮುಖ, ಆದರೆ ತಿಂದದ್ದಕ್ಕೆ ಪಶ್ಚಾತ್ತಾಪವಿಲ್ಲ. "ಸ್ವಾಮಿ, ನಿಜ ಹೇಳ್ಬೇಕು ಅಂದ್ರೆ..." ಅಂತ ಶುರು ಮಾಡಿದರು.

"ನೀವು ಸುಮ್ನಿರ್ರೀ," ಅಂದೆ. ಇಗರ್ಜಿಯೊಳಗೆ ಹೆಂಗಸು ಹಾಗೆ ಗದರಿದ್ದಕ್ಕೆ ಹಿರಿಯ ಗುರುಗಳು ಹುಬ್ಬೇರಿಸಿದರು.

"ಅಮ್ಮಾ," ಅಂದರು ಮೊನ್ಸಿನ್ಯೋರ್, "ಮಾರ್ಕೆಟ್‌ನಲ್ಲಿ ನೀನು ಹೇಗೆ ಕೂಗ್ತೀಯೋ ಹಾಗೇ ಒಂದು ಸಲ ಕೂಗಿ ತೋರಿಸು."

ನೋಡಿ ನನ್ನ ಹಣೆಬರಹ. ಇಪ್ಪತ್ತಾರು ವರ್ಷ ಕೇಳಿದ್ದು ಆಗ ಸಿಕ್ಕಿತ್ತು. ನಾನು ನೆಟ್ಟಗೆ ಕೂಗಿಬಿಟ್ಟರೆ ಸಾಕು, ಇಡೀ ಊರಿನ ಎದುರು ಆ ಹಾಡು ನನ್ನದು. ಮತ್ತು ಸಂಜೆಗೆ ಅದು ಬೂದಿ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ. ಇಲ್ಲ, ನನ್ನ ಕೂಗಲ್ಲ ಅಂತ ಬಾಯಿಬಿಟ್ಟು ಸುಳ್ಳು ಹೇಳೋಣವೆಂದರೆ ಎದುರಿಗೆ ಶಿಲುಬೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಏನು ಮಾಡಲಿ?

ತಪ್ಪು ಹಾಡುವುದೊಂದೇ ದಾರಿ. ಸುಲಭ ಅಂದುಕೊಂಡಿರಾ? ಹದಿನಾಲ್ಕನೆಯ ವಯಸ್ಸಿನಿಂದ ಕೂಗಿದ ಕೂಗು, ಗಂಟಲು ತಾನಾಗಿಯೇ ಇಳಿದುಬಿಡುತ್ತದೆ. ಎಡಗೈಯನ್ನು ಲಂಗದ ಮಡಿಕೆಯಲ್ಲಿ ಇಟ್ಟುಕೊಂಡು ಹೆಬ್ಬೆರಳನ್ನು ಕಿರುಬೆರಳಿನ ಗೆಣ್ಣಿನ ಮೇಲೆ ಒತ್ತಿದೆ. ಸೋಲ್ ಲಾ. ಸೋಲ್ ಲಾ. ಸೋಲ್. ಈಗ ಹೆಬ್ಬೆರಳು ಉಂಗುರದ ಕಡೆ ಹೊರಟಿತು, ಅದಕ್ಕೆ ಅದೇ ಅಭ್ಯಾಸ. ಉಗುರು ಊರುವಷ್ಟು ಗಟ್ಟಿಯಾಗಿ ಅದನ್ನು ಕಿರುಬೆರಳಿನ ಬುಡಕ್ಕೇ ಒತ್ತಿ ಹಿಡಿದೆ.

"ಜೀವಾ, ಜೀವಾ, ಮೀನೂ!"

ಫಾ. ಕೊನೆಯ ಮೆಟ್ಟಿಲು ಇಳಿಯದೆ ಕಾಲು ಮೇಲೇ ನಿಂತ ಹಾಗೆ ಇತ್ತು. ನನಗೇ ಅಸಹ್ಯವಾಯಿತು. ನಮ್ಮಪ್ಪ ಇದ್ದಿದ್ದರೆ ಬುಟ್ಟಿ ಎತ್ತಿ ತಲೆಗೆ ಹಾಕುತ್ತಿದ್ದ. ನಾನು ಸುಳ್ಳು ಹೇಳಲಿಲ್ಲ, ಸುಳ್ಳು ಹಾಡಿದೆ.

"ಮತ್ತೆ," ಅಂದರು ಮೊನ್ಸಿನ್ಯೋರ್.

ಮತ್ತೆ ಹಾಡಿದೆ. ಫಾ.

"ಇನ್ನೊಂದು ಸಲ."

ಮೂರನೆಯ ಸಲವೂ ಫಾ. ಬೆರಳಿನ ಬುಡ ಉರಿಯುತ್ತಿತ್ತು. ಪಕ್ಕದಲ್ಲಿ ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು, ಗಲ್ಲದ ಮೇಲೆ ನೀರಿಳಿಯುತ್ತಿತ್ತು.

"ಸುಳ್ಳು!" ಸಿಲ್ವೇರಿಯೊ ಕೂಗಿದ. "ದಿನಾ ಹೀಗೆ ಕೂಗಲ್ಲ ಇವಳು. ಮಾರ್ಕೆಟ್‌ನವರನ್ನ ಕೇಳಿ ಸ್ವಾಮಿ!"

ಬೆತ್ತಾಳನ್ನು ಕರೆಸಿದರು. ಕಪ್ಪೆಯ ಚೀಲ ಕೈಯಲ್ಲೇ ಹಿಡಿದು ಬಂದಳು, ಹಿಂದೆ ಬಾಗಿಲ ತುಂಬ ಮಾರ್ಕೆಟ್‌ನ ಜನ. ಮೆಟ್ಟಿಲ ಮೇಲೆ ಒಂದು ಗೇಣು ಜಾಗಕ್ಕೆ ನಾವಿಬ್ಬರೂ ಜುಟ್ಟು ಹಿಡಿದು ಹೊಡೆದಾಡಿದ್ದೇವೆ. ಹೋದ ತಿಂಗಳಷ್ಟೇ ತನ್ನ ಕಪ್ಪೆಗಳಿಗೆ ನನ್ನ ನಾಲಿಗೆಗಿಂತ ಕಡಿಮೆ ವಿಷ ಅಂದಿದ್ದಳು.

"ಈಕೆ ದಿನಾ ಕೂಗೋದು ಹೀಗೇನಾ?" ಮೊನ್ಸಿನ್ಯೋರ್ ನನ್ನಿಂದ ನಾಲ್ಕನೆಯ ಸಲ ಹಾಡಿಸಿದರು.

ಬೆತ್ತಾ ನನ್ನನ್ನು ನೋಡಿದಳು. ಮೇಷ್ಟ್ರನ್ನು ನೋಡಿದಳು. ತನ್ನ ಬಾಯಿಂದ ಏನಾಗಿದೆ ಅಂತ ಅವಳಿಗೆ ಅರ್ಥವಾಯಿತು. ಸೊಂಟದ ಮೇಲೆ ಕೈ ಇಟ್ಟಳು.

"ಹೀಗೇ ಸ್ವಾಮಿ. ಇಪ್ಪತ್ತು ವರ್ಷದಿಂದ ಇದೇ ಅಪಸ್ವರ. ಕೇಳಿ ಕೇಳಿ ನನ್ನ ಕಪ್ಪೆಗಳು ಎಷ್ಟೋ ಸತ್ತಿದಾವೆ. ಸಂಗೀತದ ಮೇಷ್ಟ್ರ ಹೆಂಡ್ತಿ ಅಂತೆ, ನಾಚಿಕೆಗೇಡು!"

"ಹೌದು ಸ್ವಾಮಿ, ಹೀಗೇ!" ಅಂತ ಹಿಂದಿನಿಂದ ಈರುಳ್ಳಿಯವನು ಕೂಗಿದ. "ಕಿವಿಗೆ ಶಿಕ್ಷೆ!" ಅಂದಳು ಬಾತುಕೋಳಿಯವಳು. ಇಡೀ ಮಾರ್ಕೆಟ್ ನನ್ನ ಗಂಟಲನ್ನು ಬಾಯಿಗೆ ಬಂದ ಹಾಗೆ ಬಯ್ಯಿತು. ಅಷ್ಟು ಪ್ರೀತಿಯ ಬೈಗುಳ ನಾನು ಜನ್ಮದಲ್ಲಿ ತಿಂದಿಲ್ಲ.

ಮೊನ್ಸಿನ್ಯೋರ್ ಎದ್ದು ನನ್ನ ಹತ್ತಿರ ಬಂದರು. ಅವರ ಕಣ್ಣು ನನ್ನ ಮುಖದ ಮೇಲಿರಲಿಲ್ಲ, ಲಂಗದ ಮಡಿಕೆಯ ಮೇಲಿತ್ತು. ಹೆಬ್ಬೆರಳು ಇನ್ನೂ ಕಿರುಬೆರಳಿನ ಬುಡದಲ್ಲೇ ಇತ್ತು, ಎತ್ತಲು ಮರೆತಿದ್ದೆ. ಅವರೂ ಚಿಕ್ಕಂದಿನಲ್ಲಿ ಯಾವುದೋ ಇಗರ್ಜಿಯಲ್ಲಿ ಕೈ ಮುಟ್ಟಿ ಮುಟ್ಟಿ ಹಾಡು ಕಲಿತವರೇ ಇರಬೇಕು. ನನ್ನ ಉಂಗುರ ನೋಡಿದರು, ಹೆಬ್ಬೆರಳು ನೋಡಿದರು. ಮುಗಿಯಿತು ಕಥೆ ಅಂದುಕೊಂಡೆ.

"ಕೈ ಹಿಡಿದು ಕಲಿಸಿದ್ದು ಯಾರಮ್ಮ?"

"ನನ್ನ ಗಂಡ, ಸ್ವಾಮಿ."

ಅವರು ಬಹಳ ಹೊತ್ತು ಕೆಮ್ಮಿದರು. ಆಮೇಲೆ ಸಿಲ್ವೇರಿಯೊ ಕಡೆ ತಿರುಗಿದರು. "ಪುಸ್ತಕದಲ್ಲಿರೋದು ಮಿಯಲ್ಲಿ ಮುಗಿಯುತ್ತೆ. ಈಕೇದು ಫಾದಲ್ಲಿ ಮುಗಿಯುತ್ತೆ. ಮಿ, ಫಾ ಎರಡೂ ಒಂದೇ ಅಂತ ನೀನು ಹೇಳ್ತೀಯಾ? ಹೇಳೋದಾದ್ರೆ ಹೇಳು, ಆರ್ಗನ್ ನುಡಿಸೋನು ಹಾಗಂದ ಅಂತ ಬರ್ಕೋತೀನಿ."

ಸಿಲ್ವೇರಿಯೊ ಮೆಲ್ಲಗೆ ಹಿಂದಕ್ಕೆ ಸರಿದ. ಮಿಯನ್ನು ಫಾ ಅಂದ ಸಂಗೀತಗಾರನಿಗೆ ಪೊ ನದಿಯ ಈ ದಡದಲ್ಲೂ ಕೆಲಸವಿಲ್ಲ, ಆ ದಡದಲ್ಲೂ ಇಲ್ಲ.

"ರಾಗ ಎಲ್ಲೀದು ಅಂತ ಗೊತ್ತಾಗಲಿಲ್ಲ. ಹೆಸರಿಲ್ಲದ್ದು ಹೆಸರಿಲ್ಲದ್ದಾಗೇ ಇರಲಿ," ಅಂತ ಮೊನ್ಸಿನ್ಯೋರ್ ಬರೆಸಿದರು. ಹೊರಡುವಾಗ ನನ್ನ ಪಕ್ಕದಲ್ಲಿ ನಿಂತರು. "ಈಸ್ಟರ್ ಮುಗಿಯೋ ತನಕ ನಾನು ಇಲ್ಲೇ ಇರ್ತೀನಿ ಅಮ್ಮಾ. ನನ್ನ ಕಿಟಕಿ ಮಾರ್ಕೆಟ್ ಕಡೆಗಿದೆ. ಎಲ್ಲಾ ಕೇಳಿಸುತ್ತೆ. ನನಗೊಬ್ಬನಿಗೇ ಅಲ್ಲ." ಅವರ ಕಣ್ಣು ಸಿಲ್ವೇರಿಯೊ ಮೇಲೆ ಹೋಗಿ ಬಂತು.

ಮೆಟ್ಟಿಲ ಮೇಲೆ ಬೆತ್ತಾ ಕಾಯುತ್ತಿದ್ದಳು. "ಲೇ ಮೆನೇಗಾ, ತಪ್ಪಾಯ್ತು ಕಣೇ. ಬಾಯಿ ತಡೀಲಿಲ್ಲ."

"ನಿನ್ನ ಬಾಯಿ ಯಾವತ್ತು ತಡೆದಿತ್ತು?" ಅಂದೆ. ಆಮೇಲೆ ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ಚೀಲದ ಬಾಯಿ ಬಿಚ್ಚಿಹೋಗಿ ಕಪ್ಪೆಗಳೆಲ್ಲ ಇಗರ್ಜಿಯ ಒಳಗೆ ಹಾರಿ ಹೋದವು.

ಆ ಸಂಜೆ ಬಿಸಿಲು ಇನ್ನೂ ಕಿಟಕಿಯಲ್ಲಿದ್ದಾಗಲೇ ಅವರನ್ನು ಊಟಕ್ಕೆ ಕೂರಿಸಿದೆ. ನವಣೆ ಗಂಜಿ ಬಡಿಸಿದೆ. ಸೌಟು ಕೈಯಲ್ಲೇ ಹಿಡಿದು ಎದುರಿಗೆ ನಿಂತೆ.

"ಹನ್ನೆರಡು ವರ್ಷ! ಒಂದು ಮಾತು ಹೇಳೋಕೆ ಏನ್ರೀ ದಾಡಿ ನಿಮಗೆ?"

"ಹೇಳಿದ್ರೆ ನೀನು ಮಾರನೇ ಬೆಳಿಗ್ಗೆ ಬೆತ್ತಾಗೆ ಹೇಳ್ತಿದ್ದೆ."

ನಿಜವೇ. ಆದರೂ ಸೌಟು ಇಳಿಸಲಿಲ್ಲ. "ಆ ಫಿಲ್ಲಿ ಹೆಸರು ಮಾತ್ರ ಊರೂರಿಗೆ ಅಚ್ಚು ಹಾಕಿಸಿದ್ರಿ."

"ಫಿಲ್ಲಿ ಅನ್ನೋಳು ಇಲ್ಲ ಕಣೇ. ಇಲ್ಲದೋಳ ಹೆಸರನ್ನ ಎಲ್ಲಿ ಬೇಕಾದ್ರೂ ಬರೀಬಹುದು." ಗಂಜಿ ಕಲಕುತ್ತಾ ಕೂತರು. "ಎಲ್ಲಿಟ್ಟಿದೀನಿ ಗೊತ್ತಾ ನಿನ್ನ ಕೂಗನ್ನ? ಎಲ್ಲಾ ಕಡೆ ಇದೆ. ಆದ್ರೆ ಶಿಲುಬೆ ಮೇಲೆ ಸತ್ತ ದೇವರ ಮಗ 'ಮೂರನೇ ದಿನ ಎದ್ದು ಬಂದ' ಅಂತ ಬರುತ್ತಲ್ಲ, ಅಲ್ಲಿ ಪೂರ್ತಿ ಇದೆ, ಒಂದು ಸ್ವರಾನೂ ಬಿಡದೆ. ಜೀವಾ, ಜೀವಾ ಅನ್ನೋದಕ್ಕೆ ಅದಕ್ಕಿಂತ ಒಳ್ಳೇ ಜಾಗ ನನಗೆ ಸಿಗಲಿಲ್ಲ."

ನಾನು ಸೌಟು ಇಟ್ಟೆ.

"ಇನ್ನೊಂದು ಮಾತು," ಅಂದರು. "ಇವತ್ತಿನ ಆ ಫಾ. ನಾಲ್ಕು ಸಲವೂ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ನನ್ನ ಹುಡುಗರಿಗೆ ಸರಿ ಸ್ವರವನ್ನೇ ಅಷ್ಟು ಶುದ್ಧವಾಗಿ ಹಿಡಿಯೋಕೆ ಬರಲ್ಲ." ನನ್ನ ಎಡಗೈ ತೆಗೆದುಕೊಂಡು ಕಿರುಬೆರಳಿನ ಬುಡದಲ್ಲಿ ಉಗುರು ಊರಿದ್ದ ಗುರುತಿಗೆ ಎಣ್ಣೆ ಹಚ್ಚಿದರು.

ಆ ಈಸ್ಟರ್‌ಗೆ ಮುಂಚೆ ಮಾರ್ಕೆಟ್‌ನವರೆಲ್ಲ ಪಾಪನಿವೇದನೆಗೆ ಸಾಲು ನಿಂತು ಒಂದೇ ಪಾಪ ಹೇಳಿಕೊಂಡರಂತೆ. ಗುರುಗಳು ಎಲ್ಲರಿಗೂ ಒಂದೇ ಪ್ರಾಯಶ್ಚಿತ್ತ ಕೊಟ್ಟರು: ಮೇಷ್ಟ್ರ ಹೆಸರಿಲ್ಲದ ಪೂಜೆಯನ್ನು ಮೊದಲಿಂದ ಕೊನೆಯವರೆಗೆ ನಿಂತು ಕೇಳಬೇಕು. ಬೆತ್ತಾ ಕಾಲು ನೋವು ಅಂತ ಗೊಣಗುತ್ತಲೇ ನಿಂತಳು.

ಮೊನ್ಸಿನ್ಯೋರ್ ಹೋದರು, ಸಿಲ್ವೇರಿಯೊ ಇಲ್ಲೇ ಉಳಿದ, ಅವನ ಕಿವಿಯೂ ಲೇಖನಿಯೂ ಇಲ್ಲೇ ಉಳಿದವು. ಹಾಗಾಗಿ ನಾನು ಫಾ ಬಿಡುವ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ಬುಟ್ಟಿ ಇಳಿಸಿ, ಹೆಬ್ಬೆರಳನ್ನು ಕಿರುಬೆರಳಿಗೆ ಒತ್ತಿ, ತಪ್ಪು ಕೂಗು ಕೂಗಿದೆ. ಆರು ವರ್ಷ ಹಾಗೆ ಕೂಗಿದೆ, ಮೇಷ್ಟ್ರು ಅದೇ ಕುರ್ಚಿಯಲ್ಲಿ, ಅದೇ ಮನೆಯಲ್ಲಿ, ಚಳಿಜ್ವರದಲ್ಲಿ ಕಣ್ಣು ಮುಚ್ಚುವ ತನಕ. ಮೂರನೆಯ ಪುಸ್ತಕ ಅರ್ಧಕ್ಕೇ ನಿಂತಿತು. ಅದರಲ್ಲಿ ಲಿಕೋರಿ ಬಂದಳು. ಈ ಸಲ ನಾನು ಏನೂ ಅನ್ನಲಿಲ್ಲ.

ಅವರು ಹೋಗಿ ಹದಿನೆಂಟು ವರ್ಷವಾಯಿತು. ನನಗೀಗ ಎಪ್ಪತ್ತು. ಸಿಲ್ವೇರಿಯೊ ಸತ್ತ, ಬೆತ್ತಾ ಸತ್ತಳು, ನಾನು ಸರಿಯಾಗಿ ಕೂಗಿದರೆ ಯಾಕೆ ಅಂತ ಕೇಳುವವರು ಯಾರೂ ಇಲ್ಲ. ನನ್ನ ಜಾಗದಲ್ಲಿ ಈಗ ಲುಚೀನಾ ಅನ್ನುವ ಹುಡುಗಿ ಕೂರುತ್ತಾಳೆ. ಹೋದ ತಪಸ್ಸುಕಾಲದಲ್ಲಿ ಅವಳ ಬುಟ್ಟಿಯ ಹತ್ತಿರ ನಿಂತು ಒಂದು ಸಲ ಕೂಗಿ ನೋಡಿದೆ, ನಮ್ಮಪ್ಪ ಕೂಗುತ್ತಿದ್ದ ಹಾಗೆ, ಮಿಗೆ ಇಳಿದು.

"ಅಜ್ಜೀ, ಕೊನೇದು ತಪ್ಪು," ಅಂದಳು. "ಅಷ್ಟು ಕೆಳಗೆ ಇಳೀಬಾರದು. ಹೀಗೆ." ಫಾದಲ್ಲಿ ಕೂಗಿ ತೋರಿಸಿದಳು. ಆ ಕಡೆಯ ಇಬ್ಬರು ಮೀನಿನವರೂ ಹಾಗೇ ಕೂಗುತ್ತಿದ್ದರು. ಕಾಲುವೆಯ ದೋಣಿಯವರೂ ಹಾಗೇ. ನಮ್ಮೂರಿನಲ್ಲಿ ಹಾವುಮೀನಿನ ಕೂಗು ಅಂದರೆ ಈಗ ಅದೇ, ಆ ದಿನ ನಾನು ಹೆದರಿ ಹಾಡಿದ ಸುಳ್ಳು.

"ಹೌದು ಮಗಳೇ, ಮರ್ತುಹೋಗಿತ್ತು," ಅಂದೆ.

ಈಸ್ಟರ್ ದಿನ ಇಗರ್ಜಿಗೆ ಹೋಗಿ ನನ್ನ ಕಂಬದ ಪಕ್ಕ ಕೂತೆ. ಗಾಸ್ಪರೊ ತಲೆ ಈಗ ಹಿಟ್ಟಿಲ್ಲದೆಯೂ ಬೆಳ್ಳಗಿದೆ. 'ಮೂರನೇ ದಿನ ಎದ್ದು ಬಂದ' ಅನ್ನುವ ಕಡೆ ಅವನು ನನ್ನ ದಿಕ್ಕಿಗೆ ನೋಡಿ ಶುರು ಮಾಡಿದ. ಸೋಲ್, ಲಾ. ಸೋಲ್, ಲಾ. ಒಂದೊಂದಕ್ಕೂ ಒಂದೊಂದು ನಮೋ ಮರಿಯೆ. ಸೋಲ್. ಆಮೇಲೆ ಇಳಿದ, ಫಾ ದಾಟಿ, ಪೂರ್ತಿ ಕೆಳಗೆ. ನನ್ನ ಹೆಬ್ಬೆರಳು ಉಂಗುರದ ಮೇಲೆ ಹೋಗಿ ಕೂತಿತು. ನಮ್ಮಪ್ಪನ ಕೂಗು ಈ ಭೂಮಿಯ ಮೇಲೆ ಸರಿಯಾಗಿ ಉಳಿದಿರುವುದು ಅಲ್ಲೊಂದೇ ಕಡೆ. ಇಡೀ ಊರು ಕೇಳುತ್ತಾ ಕೂತಿತ್ತು, ಯಾರಿಗೂ ಮೀನು ಕೇಳಿಸಲಿಲ್ಲ. ಆ ಫಿಲ್ಲಿಗೆ ಸಿಕ್ಕಿದ್ದು ಒಂದೊಂದು ಗಳಿಗೆಯ ಹನ್ನೊಂದು ಹಾಡು, ಅಷ್ಟೇ.